ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವಾಗ ಏನು ನೋಡಬೇಕು, ಮನೆಗೆ ತಂದ ಮೇಲೆ ಏನು ಮಾಡಬೇಕು

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ನನ್ನ ಮಗಳು ಎರಡು ವರ್ಷದಿಂದ ಅಕೂಸ್ಟಿಕ್ ಗಿಟಾರ್ ಕಲಿಯುತ್ತಿದ್ದಾಳೆ, ಈಗ ಎಲೆಕ್ಟ್ರಿಕ್ ಬೇಕೆಂದು ಕೇಳುತ್ತಿದ್ದಾಳೆ. ಎಲ್ಲ ಸೇರಿ 25,000 ರೂಪಾಯಿಯೊಳಗೆ ಮುಗಿಸಬೇಕು. ನನ್ನ ತಮ್ಮ ಬಿಟ್ಟುಹೋದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದು ಮನೆಯಲ್ಲಿದೆ. ನುಡಿಸಿದರೆ ಬೆರಳು ನೋಯುತ್ತದೆ, ಎಷ್ಟು ಶ್ರುತಿ ಮಾಡಿದರೂ ಎಫ್ ಕಾರ್ಡ್ ಎಂಬ ಸ್ವರಗುಚ್ಛ ಅಪಸ್ವರವಾಗಿ ಕೇಳುತ್ತದೆ ಎನ್ನುತ್ತಾಳೆ. ಹೊಸದಾಗಿ ಅಗ್ಗದ್ದು ತಂದರೆ ಅದೂ ಹೀಗೇ ಆಗುವುದೇ? ನಮ್ಮಲ್ಲಿ ಗಿಟಾರ್ ಸರಿಮಾಡುವವರು ಯಾರೂ ಇಲ್ಲ.

ಉತ್ತರ: ನಿಮ್ಮ ಮಗಳ ಕಿವಿ ಚುರುಕಾಗಿದೆ. ಅವಳು ಹೇಳಿದ ಎರಡೂ ದೂರುಗಳಿಗೆ ಹೆಚ್ಚಾಗಿ ಮೂಲ ಒಂದೇ ಇರುತ್ತದೆ. ಗಿಟಾರಿನ ತಲೆಭಾಗವೂ ಉದ್ದನೆಯ ಕತ್ತಿನಂಥ ನೆಕ್ಕೂ ಸೇರುವಲ್ಲಿ, ಆರು ತಂತಿಗಳು ಹಾದುಹೋಗಲು ಆರು ಗೀರುಗಳಿರುವ ಒಂದು ಸಣ್ಣ ಪಟ್ಟಿ ಇದೆ; ಪ್ಲಾಸ್ಟಿಕ್ಕಿನದೋ ಮೂಳೆಯದೋ ಆಗಿರುವ ಅದಕ್ಕೆ ನಟ್ ಎನ್ನುತ್ತಾರೆ. ಆ ಗೀರುಗಳನ್ನು ಸಾಕಷ್ಟು ಆಳಕ್ಕೆ ಅರೆಯದೆ ಬಿಟ್ಟಿದ್ದರೆ ತಂತಿಯು ಮೊದಲನೆಯ ಫ್ರೆಟ್ಟಿನಿಂದ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲು) ಬಹಳ ಮೇಲೆ ನಿಲ್ಲುತ್ತದೆ. ಅದನ್ನು ಒತ್ತಲು ಬೆರಳಿಗೆ ಹೆಚ್ಚು ಬಲ ಬೇಕಾಗುತ್ತದೆ, ಒತ್ತಿದಾಗ ತಂತಿ ಎಳೆದಂತಾಗಿ ಸ್ವರವೂ ಮೇಲೇರುತ್ತದೆ. ಎಫ್ ಕಾರ್ಡಿನಲ್ಲಿ ತೋರುಬೆರಳು ಮೊದಲನೆಯ ಫ್ರೆಟ್ಟಿನ ಬಳಿ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕಾದ್ದರಿಂದ ನೋವೂ ಅಪಸ್ವರವೂ ಅಲ್ಲಿಯೇ ಎದ್ದು ತೋರುತ್ತವೆ. ಪರೀಕ್ಷಿಸುವುದು ಸುಲಭ. ಒಂದು ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲನೆಯ ಫ್ರೆಟ್ಟಿನ ಮೇಲೆ ಉಳಿಯುವ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ತಲೆಗೂದಲು ತೂರುವಷ್ಟು ಜಾಗವಿದ್ದರೆ ಸರಿ. ಮಡಿಸಿದ ಕಾಗದ ಸಲೀಸಾಗಿ ತೂರಿದರೆ ನಟ್ ಎತ್ತರವಾಗಿದೆ ಎಂದರ್ಥ.

ಈ ಸಣ್ಣ ಉದಾಹರಣೆಯಲ್ಲಿಯೇ ನಿಮ್ಮ ದೊಡ್ಡ ಪ್ರಶ್ನೆಗೂ ಉತ್ತರವಿದೆ. ಇಂದು ಅಗ್ಗದ ಗಿಟಾರಿನ ಮರವನ್ನು ಕತ್ತರಿಸುವ ಯಂತ್ರಗಳು ಕಂಪ್ಯೂಟರ್ ಹಿಡಿತದಲ್ಲಿ ಕೆಲಸ ಮಾಡುವುದರಿಂದ ಅಳತೆಗಳು ಸಾಮಾನ್ಯವಾಗಿ ನಿಖರವಾಗಿಯೇ ಇರುತ್ತವೆ. ಬೆಲೆ ಇಳಿಸಲು ಕಾರ್ಖಾನೆಗಳು ಉಳಿತಾಯ ಮಾಡುವುದು ಕೊನೆಯ ಕೈಕೆಲಸದ ಸಮಯವನ್ನು: ನಟ್ಟಿನ ಗೀರುಗಳನ್ನು ಅರೆಯುವುದು, ಫ್ರೆಟ್ಟುಗಳ ತುದಿ ನಯಗೊಳಿಸುವುದು, ತಂತಿಗಳ ಎತ್ತರವನ್ನೂ ಸ್ವರಶುದ್ಧಿಯನ್ನೂ ಕೂರಿಸುವುದು. ಈ ಉಳಿದುಹೋದ ಕೆಲಸದ ಬಹುಭಾಗವನ್ನು ಮನೆಯಲ್ಲಿ ಕುಳಿತು ಪೂರೈಸಬಹುದು ಎಂಬುದೇ ಎಲೆಕ್ಟ್ರಿಕ್ ಗಿಟಾರಿನ ದೊಡ್ಡ ಅನುಕೂಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ, ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ನೆಕ್ಕನ್ನು ಅಂಟಿನಿಂದ ಕೂರಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿತ್ತು. ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಬಹುದಾದ ವಾದ್ಯ ಅದು. ಇಂದಿನ ಅಗ್ಗದ ಗಿಟಾರುಗಳು ಬಹುಮಟ್ಟಿಗೆ ಆ ವಿನ್ಯಾಸದ ಮೊಮ್ಮಕ್ಕಳು, ಲಕ್ಷ ರೂಪಾಯಿಯ ಗಿಟಾರಿನಲ್ಲಿ ತಿರುಗಿಸುವ ಸ್ಕ್ರೂಗಳೆಲ್ಲ ಇವುಗಳಲ್ಲೂ ಇವೆ. ಆದ್ದರಿಂದ ಕೊಳ್ಳುವಾಗ, ಆಮೇಲೆ ಸರಿಪಡಿಸಲಾಗದ ದೋಷಗಳಿವೆಯೇ ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಿ. ಉಳಿದದ್ದಕ್ಕೆ ಎರಡು ಸಂಜೆಗಳ ಸಮಯ ಎತ್ತಿಡಿ.

ಮೊದಲು ಹಣದ ಲೆಕ್ಕ. 25,000ದಲ್ಲಿ ಗಿಟಾರಿಗೆ 16,000ದಿಂದ 18,000, ಆಂಪ್ಲಿಫೈಯರಿಗೆ ಸುಮಾರು 5,000, ಉಳಿದದ್ದರಲ್ಲಿ ಗಟ್ಟಿಯಾದ ಒಂದು ಕೇಬಲ್, ಎರಡು ಸೆಟ್ ತಂತಿ, ಚೀಲ, ಹೆಗಲಿಗೆ ಹಾಕುವ ಪಟ್ಟಿ ಎಂದು ಹಂಚಿಕೊಳ್ಳಿ. ಆಂಪ್ಲಿಫೈಯರನ್ನೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಮಾರುವ ಕಟ್ಟುಗಳಲ್ಲಿ ಸಾಮಾನ್ಯವಾಗಿ ಆಂಪೂ ಕೇಬಲ್ಲೂ ಬಹಳ ದುರ್ಬಲವಾಗಿರುತ್ತವೆ. ನಾನಾದರೆ ಬೇರೆ ಬೇರೆಯಾಗಿ ಕೊಳ್ಳುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆ ಐದರಿಂದ ಹತ್ತು ವಾಟ್ ಆಂಪ್ ಧಾರಾಳವಾಯಿತು, ಹೆಡ್‌ಫೋನ್ ಕಿಂಡಿ ಇರುವುದನ್ನೇ ಆರಿಸಿ. ಆಂಪ್ ಬೇಡ, ಮನೆಯ ಹೋಮ್ ಥಿಯೇಟರಿಗೇ ತಗುಲಿಸೋಣ ಎಂದು ಕೆಲವರು ಯೋಚಿಸುತ್ತಾರೆ. ಗಿಟಾರಿನ ಪಿಕಪ್ಪು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿ) ಹೊರಡಿಸುವ ಸಂಕೇತ ಬಹಳ ಬಡವಾದುದು. ಅದನ್ನು ಸ್ವೀಕರಿಸುವ ಉಪಕರಣದ ಇಂಪೀಡೆನ್ಸ್, ಅಂದರೆ ಸಂಕೇತಕ್ಕೆ ಒಡ್ಡುವ ವಿದ್ಯುತ್ ತಡೆ, ಒಂದು ಮೆಗಾಓಮ್‌ನಷ್ಟು ಇರಬೇಕು. ಸಾಮಾನ್ಯ ಸ್ಟೀರಿಯೋ ಒಳದಾರಿಯಲ್ಲಿ ಅಷ್ಟಿರುವುದಿಲ್ಲವಾದ್ದರಿಂದ ನಾದ ಮಂಕಾಗಿ, ಕಂಬಳಿ ಹೊದ್ದಂತೆ ಕೇಳುತ್ತದೆ.

ಈ ಬೆಲೆಯಲ್ಲಿ ಅಥವಾ ತುಸು ಮೇಲೆ ಸ್ಕ್ವೈಯರ್ ಕಂಪನಿಯ ಸಾನಿಕ್ ಸರಣಿ, ಯಮಾಹಾದ ಪೆಸಿಫಿಕಾ 012, ಐಬನೆಜ್‌ನ ಜಿಯೋ ಸರಣಿ, ಕೊರಿಯಾದ ಕಾರ್ಟ್ ಕಂಪನಿಯ ಆರಂಭದ ಮಾದರಿಗಳು ಸಿಗುತ್ತವೆ. ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿದರೆ ಇವೇ ಇನ್ನೂ ಕಡಿಮೆಗೆ ದೊರೆಯುತ್ತವೆ. ಇವಕ್ಕಿಂತ ಅಗ್ಗದವನ್ನೂ ತಳ್ಳಿಹಾಕಬೇಕಿಲ್ಲ, ಮುಂದೆ ಹೇಳುವ ಪರೀಕ್ಷೆಗಳಲ್ಲಿ ಗೆದ್ದರೆ ಆಯಿತು. ಆದರೆ ಒಂದು ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ಎಲೆಕ್ಟ್ರಿಕ್ ಗಿಟಾರಿಗೆ ಟ್ರೆಮೊಲೊ, ಅಂದರೆ ಹಿಡಿ ಒತ್ತಿದರೆ ಅಲುಗಾಡುವ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಭಾಗ), ಬೇಡ. ಅಗ್ಗದ ಟ್ರೆಮೊಲೊ ಒಮ್ಮೆ ಅಲುಗಿದರೆ ಮೊದಲಿನ ಜಾಗಕ್ಕೇ ಬಂದು ನಿಲ್ಲುವುದಿಲ್ಲ, ಶ್ರುತಿ ಹೋಗುತ್ತದೆ, ಕಲಿಯುವವರು ತಮ್ಮ ಕಿವಿಯನ್ನೇ ಸಂಶಯಿಸತೊಡಗುತ್ತಾರೆ. ವೀಣೆಯ ಕುದುರೆಯ ಹಾಗೆ ಕದಲದೆ ಕೂರುವ ಸ್ಥಿರ ಬ್ರಿಡ್ಜ್ ಇರಲಿ. ಅಚ್ಚುಮೆಚ್ಚಿನ ಗಿಟಾರಿನಲ್ಲಿ ಟ್ರೆಮೊಲೊ ಇದ್ದೇ ಇದ್ದರೆ, ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ಉದ್ದ ಸ್ಕ್ರೂಗಳನ್ನು ಬಿಗಿಗೊಳಿಸುತ್ತಾ ಬಂದು ಬ್ರಿಡ್ಜಿನ ತಗಡು ಗಿಟಾರಿನ ಮೈಗೆ ಕಚ್ಚಿ ಕೂರುವಂತೆ ಮಾಡಬಹುದು.

ಪಿಕಪ್ಪುಗಳ ಬಗ್ಗೆ ಇಷ್ಟು ಸಾಕು: ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಹಿಡಿಯುತ್ತದೆ, 1955ರ ಸುಮಾರಿಗೆ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳು ಆ ಗುಂಗನ್ನು ಒಂದಕ್ಕೊಂದು ಅಳಿಸಿಹಾಕುತ್ತವೆ. ಎರಡೂ ಒಳ್ಳೆಯವೇ, ಮಗಳಿಗೆ ಯಾವ ನಾದ ಇಷ್ಟವೋ ಅದು. ಮೈಯ ಮರ ಯಾವುದು ಎಂಬ ಚರ್ಚೆಗೂ ಈ ಬೆಲೆಯಲ್ಲಿ ಸಮಯ ವ್ಯಯಿಸಬೇಡಿ. ಫ್ರೆಟ್‌ಬೋರ್ಡ್ (ಫ್ರೆಟ್ಟುಗಳು ಕೂರುವ ಹಲಗೆ) ವಿವರದಲ್ಲಿ ಇಂಡಿಯನ್ ಲಾರೆಲ್ ಎಂದು ಬರೆದಿದ್ದರೆ ಅದೇನೋ ಪರದೇಶದ ಬದಲಿ ಸರಕು ಎಂದು ಅಳುಕಬೇಡಿ, ಅದು ನಿಮ್ಮ ಕಾಡಿನಲ್ಲೇ ಇರುವ ಮತ್ತಿ ಮರ. ಗಿಟಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಪರವಾನಗಿಯ ನಿರ್ಬಂಧ ಬಂದ ಮೇಲೆ ಅಗ್ಗದ ಗಿಟಾರುಗಳಲ್ಲಿ ಮತ್ತಿ ಹೆಚ್ಚಾಗಿ ಕಾಣಿಸಿಕೊಂಡಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತರೂ ಮತ್ತಿ ಉಳಿದುಕೊಂಡಿದೆ. ಗಟ್ಟಿ ಮರ, ಬಾಳಿಕೆ ಬರುತ್ತದೆ.

ಹುಬ್ಬಳ್ಳಿಯಂಥ ಊರಿಗೆ ಹೋಗಿ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಸಾಧ್ಯವಾದರೆ ಅದೇ ಉತ್ತಮ. ಆಂಪ್ ಹಚ್ಚುವ ಮೊದಲೇ ಪರೀಕ್ಷೆ ಆಗಲಿ. ಗಿಟಾರಿನ ಬುಡವನ್ನು ಕಣ್ಣಿನ ಹತ್ತಿರ ತಂದು, ಬಡಗಿ ಹಲಗೆಯ ನೇರ ನೋಡುವ ಹಾಗೆ ನೆಕ್ಕಿನ ಎರಡೂ ಅಂಚುಗಳನ್ನು ನೋಡಿ. ಅಂಚುಗಳು ಸ್ವಲ್ಪ ಬಾಗಿದ್ದರೆ ಅದನ್ನು ತಿದ್ದಬಹುದು. ಒಂದು ಅಂಚು ಒಂದು ಕಡೆಗೂ ಇನ್ನೊಂದು ಬೇರೆ ಕಡೆಗೂ ತಿರುಚಿಕೊಂಡಿದ್ದರೆ ಆ ಗಿಟಾರ್ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಆಮೇಲೆ ಮಗಳು ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ಟನ್ನೂ ಒತ್ತಿ ಒಂದೊಂದೇ ಸ್ವರ ಮೀಟಲಿ. 21 ಫ್ರೆಟ್ಟುಗಳಿದ್ದರೆ 126 ಸ್ವರ. ಐದು ನಿಮಿಷವೂ ಹಿಡಿಯುವುದಿಲ್ಲ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಝರ್ ಎಂದರೆ ಅದು ಹೊಂದಿಸಿದರೆ ಹೋಗುವ ದೋಷ. ಒಂದೇ ಜಾಗದಲ್ಲಿ ಸ್ವರ ಸತ್ತಂತೆ ಕೇಳಿದರೆ, ಅಥವಾ ಮುಂದಿನ ಫ್ರೆಟ್ಟಿನ ಸ್ವರವೇ ಹೊರಟರೆ, ಅಲ್ಲೊಂದು ಫ್ರೆಟ್ಟು ಎದ್ದಿದೆ. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುವುದರಿಂದ ಮೇಣ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ಟನ್ನು ಮರದ ಸೀಳಿಗೆ ಬಡಿದು ಇಳಿಸಿರುತ್ತಾರೆ, ಎದ್ದರೆ ಅದನ್ನು ಮಟ್ಟ ಮಾಡುವುದು ಪಳಗಿದ ಕೈಯ ಕೆಲಸ. ಬೇರೆ ಗಿಟಾರ್ ಕೇಳಿ. ತೆಳುತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನ ಆಚೆ ಗಮಕದಂತೆ ಪಕ್ಕಕ್ಕೆ ಎಳೆದಾಗಲೂ ನಾದ ಕತ್ತರಿಸಿ ಹೋಗಬಾರದು.

ಹೊರಗಿನ ಎರಡು ತಂತಿಗಳು ನೆಕ್ಕಿನ ಎರಡೂ ಅಂಚುಗಳಿಂದ ಹೆಚ್ಚುಕಡಿಮೆ ಸಮದೂರದಲ್ಲಿ ಓಡುತ್ತಿವೆಯೇ, ಟ್ಯೂನರುಗಳು, ಅಂದರೆ ತಲೆಭಾಗದಲ್ಲಿ ತಂತಿ ಬಿಗಿಸುವ ಬಿರಡೆಗಳು, ಎರಡೂ ದಿಕ್ಕಿಗೆ ತಡೆಯಿಲ್ಲದೆ ತಿರುಗುತ್ತವೆಯೇ ಎಂದು ನೋಡಿ. ಕೊನೆಯಲ್ಲಿ ಆಂಪಿಗೆ ಹಚ್ಚಿ ಎಲ್ಲ ಗುಂಡಿಗಳನ್ನೂ ಸ್ವಿಚ್ಚನ್ನೂ ತಿರುಗಿಸಿ. ಗುಂಯ್ ಎನ್ನುವ ಸದ್ದು ತಂತಿ ಮುಟ್ಟಿದಾಗ ಕಡಿಮೆಯಾದರೆ ಅದು ಸಹಜ. ಮುಟ್ಟಿದಾಗ ಹೆಚ್ಚಾದರೆ ಒಳಗೆ ಬ್ರಿಡ್ಜಿಗೆ ಹೋಗುವ ಅರ್ಥ್ ತಂತಿಯ ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಆನ್‌ಲೈನ್‌ನಲ್ಲಿ ತರಿಸುವುದಾದರೆ ಪೆಟ್ಟಿಗೆ ಬಿಚ್ಚುವುದನ್ನು ಫೋನಿನಲ್ಲಿ ಚಿತ್ರೀಕರಿಸಿ, ಇದೇ ಪರೀಕ್ಷೆಗಳನ್ನು ಮೊದಲ ದಿನವೇ ಮಾಡಿ. ಹಿಂದಿರುಗಿಸುವ ಗಡುವು ಮುಗಿಯುವ ತನಕ ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ಇನ್ನು ಹೊಂದಿಸುವ ಕೆಲಸ. ಗಿಟಾರನ್ನು ಒಂದು ದಿನ ಕೋಣೆಯ ಗಾಳಿಗೆ ಒಗ್ಗಲು ಬಿಟ್ಟು ಆರಂಭಿಸಿ. ಬೇಕಾಗುವುದು ಅರ್ಧ ಮಿಲಿಮೀಟರ್ ಗುರುತುಗಳಿರುವ ಸ್ಟೀಲ್ ಸ್ಕೇಲ್, ಗಿಟಾರಿನ ಜೊತೆ ಬರುವ ಅಲೆನ್ ಕೀಗಳು, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಫೋನಿನಲ್ಲಿ ಟ್ಯೂನರ್ ಆ್ಯಪ್, ಒಂದು ಮೆತ್ತನೆಯ ಪೆನ್ಸಿಲ್. ಈ ಕೆಲಸಗಳಿಗೆ ಒಂದು ಅನುಕ್ರಮವಿದೆ, ಅದನ್ನು ತಪ್ಪಿಸಿದರೆ ಮುಂದಿನದು ಹಿಂದಿನದನ್ನು ಕೆಡಿಸುತ್ತಾ ಹೋಗುತ್ತದೆ. ಮೊದಲು ಹೊಸ ತಂತಿ, ಆಮೇಲೆ ನೆಕ್ಕಿನ ಬಾಗು, ಆಮೇಲೆ ತಂತಿಯ ಎತ್ತರ, ಅದಾದ ಮೇಲೆ ಸ್ವರಸ್ಥಾನ, ಕೊನೆಗೆ ಪಿಕಪ್ಪು.

ತಂತಿಗಳಲ್ಲಿ 0.009 ಇಂಚಿನಿಂದ 0.042 ಇಂಚಿನವರೆಗಿನ ಸೆಟ್ ಕೊಳ್ಳಿ. ಅಂಗಡಿಯಲ್ಲಿ ನೈನ್ ಗೇಜ್ ಎಂದರೆ ಸಾಕು. ಆಕೆಯ ಅಕೂಸ್ಟಿಕ್ಕಿನಲ್ಲಿ ಸಾಮಾನ್ಯವಾದ ಟ್ವೆಲ್ವ್ ಗೇಜ್ ತಂತಿಗಳಿದ್ದರೆ ಆರೂ ಸೇರಿ 70 ಕಿಲೋ ದಾಟುವಷ್ಟು ಸೆಳೆತವಿರುತ್ತದೆ, ಇವುಗಳಲ್ಲಿ ಸುಮಾರು 38 ಕಿಲೋ ಮಾತ್ರ. ಬೆರಳುಗಳಿಗೆ ಅದು ಮೊದಲ ದಿನವೇ ತಿಳಿಯುತ್ತದೆ. ತಂತಿ ಹಾಕುವ ಮುನ್ನ ನಟ್ಟಿನ ಪ್ರತಿ ಗೀರಿನೊಳಗೆ ಪೆನ್ಸಿಲ್ ಮೊನೆಯನ್ನು ನಾಲ್ಕಾರು ಸಲ ಓಡಿಸಿ. ಶ್ರುತಿ ಮಾಡುವಾಗ ಟಿಣ್ ಎಂಬ ಸಣ್ಣ ಸದ್ದು ಕೇಳಿ ಸ್ವರ ಥಟ್ಟನೆ ನೆಗೆಯುವುದನ್ನು ನೀವು ಗಮನಿಸಿರಬಹುದು. ತಂತಿ ಗೀರಿನಲ್ಲಿ ಕಚ್ಚಿಕೊಂಡು ಆಮೇಲೆ ಜಾರಿದಾಗ ಬರುವ ಸದ್ದು ಅದು. ಪೆನ್ಸಿಲ್ಲಿನ ಗ್ರಾಫೈಟ್ ಅದಕ್ಕೆ ಎಣ್ಣೆಯಂತೆ ಕೆಲಸ ಮಾಡುತ್ತದೆ. ಟ್ಯೂನರಿಗೆ ಎರಡು ಮೂರು ಸುತ್ತು ಬರುವಂತೆ ಸುತ್ತಿ, ಶ್ರುತಿ ಮಾಡಿ, ಪ್ರತಿ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು ಮತ್ತೆ ಶ್ರುತಿ ಮಾಡಿ. ಎಳೆದರೂ ಸ್ವರ ಇಳಿಯದಂತಾಗುವವರೆಗೆ ಇದು ನಡೆಯಲಿ. ಅಗ್ಗದ ಟ್ಯೂನರುಗಳು ಶ್ರುತಿ ನಿಲ್ಲಿಸುವುದಿಲ್ಲ ಎಂಬ ದೂರು ಇಷ್ಟರಲ್ಲೇ ಎಷ್ಟೋ ಸಲ ಮುಗಿದುಹೋಗುತ್ತದೆ. ಕತ್ತರಿಸಿದ ತೆಳುತಂತಿಯ ತುಂಡನ್ನು ಎಸೆಯಬೇಡಿ.

ಆ ತುಂಡೇ ಈಗ ನಿಮ್ಮ ಅಳತೆಗೋಲು. 0.009 ಇಂಚು ಎಂದರೆ 0.23 ಮಿ.ಮೀ., ನೆಕ್ಕಿನಲ್ಲಿ ಇರಬೇಕಾದ ಬಾಗು ಕೂಡ ಹೆಚ್ಚುಕಡಿಮೆ ಅಷ್ಟೇ. ನೆಕ್ ಪೂರ್ತಿ ನೇರವಿರಬಾರದು. ಮೀಟಿದ ತಂತಿ ನಡುವಿನಲ್ಲಿ ಹೆಚ್ಚು ಅಗಲವಾಗಿ ತೂಗುವುದರಿಂದ ಅದಕ್ಕೆ ಜಾಗ ಕೊಡಲು ಕಾಣದಷ್ಟು ಹಳ್ಳ ಬೇಕು. ದಪ್ಪ ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿ ಎಡಗೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಬಲಗೈಯಿಂದ ಒತ್ತಿ ಹಿಡಿದಾಗ ಆ ತಂತಿಯೇ ನೇರಪಟ್ಟಿಯಾಗುತ್ತದೆ. ಎಂಟನೆಯ ಫ್ರೆಟ್ಟಿನ ಮೇಲೆ ಉಳಿಯುವ ಸಂದಿನಲ್ಲಿ ಮಗಳು ಆ ತುಂಡನ್ನು ತೂರಿಸಲಿ. ಮೇಲಿನ ತಂತಿಯನ್ನು ಎತ್ತದೆ, ತಾಗಿಯೂ ತಾಗದಂತೆ ಅದು ಜಾರಿದರೆ ಬಾಗು ಸರಿಯಿದೆ. ಸಂದು ಇನ್ನೂ ದೊಡ್ಡದಿದ್ದರೆ ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಅದರ ತುದಿಯ ಕಡೆಯಿಂದ ನೋಡುತ್ತಾ ಗಡಿಯಾರದ ಮುಳ್ಳಿನ ದಿಕ್ಕಿಗೆ, ಸಂದೇ ಇಲ್ಲದಿದ್ದರೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಒಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಭಾಗ ಸಾಕು. ಮತ್ತೆ ಶ್ರುತಿ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ಅಳೆಯಿರಿ. ಸರಿಯಾದ ಅಳತೆಯ ಕೀಯನ್ನು ಪೂರ್ತಿ ಒಳಕ್ಕೆ ಕೂರಿಸಿಯೇ ತಿರುಗಿಸಿ, ಎಲ್ಲಾದರೂ ಬಲವಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಇಡೀ ಕೆಲಸದಲ್ಲಿ ಗಿಟಾರಿಗೆ ನಿಜವಾದ ಹಾನಿಯಾಗಬಹುದಾದ ಜಾಗ ಇದೊಂದೇ. ಒಂದೇ ಉಸಿರಿನಲ್ಲಿ ಅರ್ಧ ಸುತ್ತು ತಿರುಗಿಸಿ ರಾಡಿನ ಥ್ರೆಡ್ ಕಿತ್ತುಕೊಂಡು ಬಂದ ಗಿಟಾರುಗಳನ್ನು ನಾನು ಮೇಜಿನ ಮೇಲೆ ಕಂಡಿದ್ದೇನೆ, ಅವುಗಳ ರಿಪೇರಿ ಗಿಟಾರಿನ ಬೆಲೆಯನ್ನೇ ಮೀರುತ್ತಿತ್ತು.

ಬಾಗು ಸರಿಯಾದ ಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನ ತಲೆಯಿಂದ ತಂತಿಯ ಕೆಳಬದಿಗೆ, ದಪ್ಪ ತಂತಿಯಲ್ಲಿ 2 ಮಿ.ಮೀ., ತೆಳುತಂತಿಯಲ್ಲಿ 1.6 ಮಿ.ಮೀ. ಆಸುಪಾಸು ಇಟ್ಟುಕೊಳ್ಳಿ. ಬ್ರಿಡ್ಜಿನಲ್ಲಿ ಪ್ರತಿ ತಂತಿಯ ಕೆಳಗೂ ಒಂದೊಂದು ಸ್ಯಾಡಲ್ ಇದ್ದು, ಅದರ ಎರಡು ಪುಟ್ಟ ಅಲೆನ್ ಸ್ಕ್ರೂಗಳಿಂದ ಅದನ್ನು ಏರಿಸಿ ಇಳಿಸಬಹುದು. ಕೆಲವು ಗಿಟಾರುಗಳಲ್ಲಿ ಇಡೀ ಬ್ರಿಡ್ಜೇ ಎರಡು ಕಂಬಗಳ ಮೇಲೆ ಏರಿಳಿಯುತ್ತದೆ. ಇದಕ್ಕಿಂತ ಕೆಳಗೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಫ್ರೆಟ್ಟುಗಳು ಒಂದೇ ಮಟ್ಟದಲ್ಲಿರದ ಅಗ್ಗದ ಗಿಟಾರಿನಲ್ಲಿ ಅಲ್ಲಿಂದಲೇ ಝರ್ ಶುರುವಾಗುತ್ತದೆ.

ಸ್ವರಸ್ಥಾನವನ್ನು ಹೊಸ ತಂತಿಯಲ್ಲಿ ಮಾತ್ರ ಪರೀಕ್ಷಿಸಬೇಕು, ಏಕೆಂದರೆ ಕೊಳೆ ಹಿಡಿದ ಹಳೆಯ ತಂತಿ ಸುಳ್ಳು ಹೇಳುತ್ತದೆ. ಬಿಡಿತಂತಿಯನ್ನು, ಅಂದರೆ ಬೆರಳು ಒತ್ತದ ತಂತಿಯನ್ನು, ಟ್ಯೂನರ್ ಆ್ಯಪ್ ನೋಡಿ ನಿಖರವಾಗಿ ಶ್ರುತಿಗೆ ಕೂರಿಸಿ, ಅದೇ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಮೆದುವಾಗಿ ಒತ್ತಿ ಮೀಟಿ. ಅಲ್ಲಿ ತಾರಸ್ಥಾಯಿಯ ಅದೇ ಸ್ವರ ಬರಬೇಕು. ಸ್ವರ ಮೇಲೇರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ನೆಕ್ಕಿನಿಂದ ದೂರಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಿ. ಇಳಿದಿದ್ದರೆ ಮುಂದಕ್ಕೆ ತನ್ನಿ. ಪ್ರತಿ ಸಲ ಸರಿಸಿದ ಮೇಲೂ ಬಿಡಿತಂತಿಯನ್ನು ಮತ್ತೆ ಶ್ರುತಿ ಮಾಡಿಯೇ ಪರೀಕ್ಷಿಸಿ. ಮುಗಿದಾಗ ಸ್ಯಾಡಲುಗಳು ಒಂದೇ ಸಾಲಿನಲ್ಲಿರದೆ ಓರೆಯಾಗಿ ಮೆಟ್ಟಿಲಿಳಿದಂತೆ ಕಂಡರೆ ಅದೇ ಸರಿ.

ಪಿಕಪ್ಪುಗಳನ್ನು ತಂತಿಗೆ ಹತ್ತಿರ ತಂದಷ್ಟೂ ಸದ್ದು ಹೆಚ್ಚೆಂದು ತೀರ ಮೇಲಕ್ಕೆ ಏರಿಸಬೇಡಿ. ಅಯಸ್ಕಾಂತ ತಂತಿಯನ್ನು ಸೆಳೆದು ಸ್ವರ ಅಲೆಯತೊಡಗುತ್ತದೆ. ಕೊನೆಯ ಫ್ರೆಟ್ಟನ್ನು ಒತ್ತಿದಾಗ ಎರಡು ಮಿಲಿಮೀಟರ್ ಅಂತರ ಇರಲಿ.

ನಟ್ಟಿನ ಗೀರು ಅರೆಯುವುದಕ್ಕೆ ತಂತಿಯ ದಪ್ಪಕ್ಕೆ ಹೊಂದುವ ವಿಶೇಷ ಅರಗಳು ಬೇಕು, ಒಂದೆರಡು ಎಳೆತ ಹೆಚ್ಚಾದರೂ ಬಿಡಿತಂತಿ ಮೊದಲ ಫ್ರೆಟ್ಟಿಗೆ ಬಡಿಯುತ್ತದೆ. ಹಾಗಾದಾಗ ಗೀರಿನಲ್ಲಿ ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಹನಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮತ್ತೆ ಅರೆಯಬಹುದು. ಆದರೂ ಹೊಸ ಗಿಟಾರಿನ ಮೇಲೆ ಮೊದಲ ಪ್ರಯೋಗ ಬೇಡ. ಈ ಒಂದು ಕೆಲಸಕ್ಕೆ ಹುಬ್ಬಳ್ಳಿಯಂಥ ಊರಿಗೆ ಹೋದಾಗ ರಿಪೇರಿಯವರಿಗೆ ದುಡ್ಡು ಕೊಡುವುದು ನ್ಯಾಯವಾದ ಖರ್ಚು.

ನಿಮ್ಮ ಊರಿಗೇ ಸಂಬಂಧಪಟ್ಟ ಎರಡು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಗಿಟಾರಿನ ನೆಕ್ಕೂ ಮರವೇ. ಜೂನ್ ಕಳೆದ ಮೇಲೆ ಒಮ್ಮೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಒಮ್ಮೆ ಆ ತಂತಿ ತುಂಡಿನಿಂದ ಬಾಗನ್ನು ಅಳೆದು ನೋಡಿ. ಒಣಹವೆಯಲ್ಲಿ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುವುದು ಕಲಬುರಗಿ, ರಾಯಚೂರಿನ ಕಡೆಯ ತೊಂದರೆ. ನಿಮ್ಮಲ್ಲಿ ತುಕ್ಕೇ ಹೆಚ್ಚಿನ ಶತ್ರು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಕೆಳಬದಿಯೂ ಸೇರಿದಂತೆ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಫ್ರೆಟ್‌ಬೋರ್ಡಿಗೆ ತೆಂಗಿನೆಣ್ಣೆಯನ್ನಾಗಲಿ ಅಡುಗೆ ಎಣ್ಣೆಯನ್ನಾಗಲಿ ಹಚ್ಚಬೇಡಿ, ಕ್ರಮೇಣ ಕಮಟು ಹಿಡಿದು ಜಿಗುಟಾಗುತ್ತವೆ.

ಎರಡನೆಯದು ವಿದ್ಯುತ್ತು, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ, ಆದ್ದರಿಂದ ಮಗಳ ಬೆರಳುಗಳು ಇಡೀ ಹೊತ್ತು ನಿಮ್ಮ ಮನೆಯ ಅರ್ಥಿಂಗ್ ಮೇಲೆ ಭರವಸೆಯಿಟ್ಟಿರುತ್ತವೆ. ಆಂಪಿಗೆ ಮೂರು ಪಿನ್ನಿನ ಪ್ಲಗ್ ಇದ್ದರೆ ಅದನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಬಾರದು. ಕೊಳ್ಳುವ ಮೊದಲೇ ವೈರ್‌ಮನ್ನನ್ನು ಕರೆಸಿ ಆ ಕೋಣೆಯ ಸಾಕೆಟ್ಟಿನಲ್ಲಿ ಅರ್ಥ್ ಇದೆಯೇ ಎಂದು ಪರೀಕ್ಷಿಸಿ. ತಂತಿ ಮುಟ್ಟಿದಾಗ ಜುಂ ಎಂದು ಸ್ವಲ್ಪ ಕಚ್ಚಿದಂತಾದರೂ ಆ ಕ್ಷಣವೇ ಪ್ಲಗ್ ತೆಗೆದು, ಕಾರಣ ತಿಳಿಯುವ ತನಕ ಮುಟ್ಟಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಕೊನೆಯದಾಗಿ, ತಮ್ಮನ ಆ ಹಳೆಯ ಗಿಟಾರನ್ನು ಮಾರಬೇಡಿ. ಹೊಸದು ಕೊಳ್ಳುವ ಮೊದಲು ಐದಾರು ನೂರು ರೂಪಾಯಿಯ ಒಂದು ಸೆಟ್ ತಂತಿ ತಂದು, ಮೇಲಿನ ಅನುಕ್ರಮದಲ್ಲಿ ಮಗಳೂ ನೀವೂ ಕುಳಿತು ಅದರ ಮೇಲೆ ಒಮ್ಮೆ ಕೈ ಪಳಗಿಸಿ, ನಟ್ಟನ್ನು ಹುಬ್ಬಳ್ಳಿಗೆ ಹೋದಾಗ ಸರಿಮಾಡಿಸಿ. ಅದರ ನೆಕ್ ತಿರುಚಿರದೆ, ಫ್ರೆಟ್ಟುಗಳು ತಂತಿಯ ಕೆಳಗೆ ಹಳ್ಳ ಬೀಳುವಷ್ಟು ಸವೆದಿರದಿದ್ದರೆ, ನೀವು ಸದ್ಯಕ್ಕೆ ಒಂದು ಆಂಪನ್ನಷ್ಟೇ ಕೊಳ್ಳಬೇಕಾಗಿ ಬರಬಹುದು.